ನಡುವಿನ ಸಂಪುಟ ಮತ್ತು ಅತ್ತೆಯ ಮಗಳು

ನಾನು ಮಾಡಿದ್ದು ಬೇರೆಯವರ ಪುಸ್ತಕ ಓದುವ ಕೆಲಸ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಯಾರೋ ಬರೆದ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಹೈದರಾಬಾದಿಗೆ ಬರುತ್ತಿತ್ತು. ನಾವು ಅದರ ಕಾಗುಣಿತ ತಿದ್ದುತ್ತಿದ್ದೆವು. ಮೊದಲ ಅಧ್ಯಾಯದಲ್ಲಿ ನೀಲಿ ಕಣ್ಣಿದ್ದವನಿಗೆ ಕೊನೆಯ ಅಧ್ಯಾಯದಲ್ಲಿ ಕಂದು ಕಣ್ಣು ಬಂದಿದ್ದರೆ ಗುರುತು ಹಾಕುತ್ತಿದ್ದೆವು. ಲೇಖಕರಿಗೆ ಕೇಳಬೇಕಾದ್ದನ್ನು ಅಂಚಿನಲ್ಲಿ ಬರೆದು, ಸಾಲುಗಳನ್ನು ಅಚ್ಚಿನ ಅಳತೆಗೆ ಹೊಂದಿಸಿ ಪುಟ ಕಟ್ಟಿ, ವಾಪಸು ಕಳಿಸುತ್ತಿದ್ದೆವು. ಪುಸ್ತಕದ ಯಾವ ಮೂಲೆಯಲ್ಲೂ ನಮ್ಮ ಹೆಸರು ಇರುತ್ತಿರಲಿಲ್ಲ. ನೆಂಟರೆಲ್ಲ ನಾನು ಸಾಫ್ಟ್‌ವೇರಿನಲ್ಲಿ ಇದ್ದೇನೆಂದೇ ತಿಳಿದಿದ್ದರು. ಅವರ ತಪ್ಪಲ್ಲ. ಗಚ್ಚಿಬೌಲಿಯ ಗಾಜಿನ ಕಟ್ಟಡ ಅದೇ, ಬೆಳಿಗ್ಗೆ ಮನೆ ಮುಂದೆ ಬಂದು ಹಾರ್ನ್ ಹೊಡೆಯುವ ಕ್ಯಾಬ್ ಅದೇ, ಕೊರಳಿಗೆ ನೇತುಹಾಕುವ ಗುರುತಿನ ಕಾರ್ಡೂ ಅದೇ. ಸಂಬಳ ಮಾತ್ರ ಬೇರೆ.

ಈ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಕೆಲವರು, ‘ನಿಮ್ಮ ಕಾಲದಲ್ಲಿ ಹೇಗಿತ್ತು, ಬರೆಯಿರಿ’ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ನಾನು ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಾ ಬಂದವಳು. ನಿವೃತ್ತಿಯ ನಂತರ ಅವನ್ನು ತೆಗೆದು ಓದಿದಾಗ ಗೊತ್ತಾದದ್ದು, ನನ್ನ ನೆನಪು ನನ್ನನ್ನು ಡೈರಿಗಿಂತ ಒಳ್ಳೆಯವಳನ್ನಾಗಿ, ಧೈರ್ಯದವಳನ್ನಾಗಿ ಮಾಡಿಟ್ಟಿದೆ. ಎರಡೂ ಹೊಂದದ ಕಡೆ ಹಾಗೆಂದು ಹೇಳುತ್ತೇನೆ. ಡೈರಿಯೂ ಪೂರ್ತಿ ಸತ್ಯವೆಂದು ನಾನು ಪ್ರಮಾಣ ಮಾಡಲಾರೆ. ಅದನ್ನು ಬರೆದವಳೂ ನಾನೇ ತಾನೆ.

ನಾನು ಸೇರಿದಾಗ ಆಫೀಸು ಬೇಗಂಪೇಟೆಯ ಒಂದು ಮನೆಯ ಮಹಡಿಯಲ್ಲಿತ್ತು. ಕರಡು ಪುಟಗಳು ಕೊರಿಯರಿನಲ್ಲಿ ಬರುತ್ತಿದ್ದವು. ಕೆಂಪು ಪೆನ್ಸಿಲಿನಲ್ಲಿ ತಿದ್ದಿ ಕೊರಿಯರಿನಲ್ಲೇ ಕಳಿಸುತ್ತಿದ್ದೆವು. ಒಬ್ಬರ ಕೈಬರಹ ಇನ್ನೊಬ್ಬರಿಗೆ ಗೊತ್ತಿರುತ್ತಿತ್ತು. ಗುರುತು ನೋಡಿದರೆ ಯಾರು ಬೇಸರದಲ್ಲಿ ಓದಿದ್ದಾರೆ ಎಂದು ಹೇಳಬಹುದಿತ್ತು. ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ತಿದ್ದುಪಡಿಗಳೆಲ್ಲ ಒಂದೇ ಅಕ್ಷರದಲ್ಲಿ, ಒಂದೇ ಬಣ್ಣದಲ್ಲಿ ಕಾಣತೊಡಗಿದವು. ಕೆಲಸ ಚುರುಕಾಯಿತು ನಿಜ, ಆದರೆ ಯಾರ ತಪ್ಪು ಎಂದು ಹುಡುಕುವುದು ಕಷ್ಟವಾಯಿತು. ಆದ್ದರಿಂದಲೋ ಏನೋ, ‘ಯಾರ ತಪ್ಪು’ ಎಂದು ಕೇಳುವವರು ಹೆಚ್ಚಾದರು.

ನಮ್ಮ ತಪ್ಪುಗಳಲ್ಲಿ ಒಂದು ಜಾತಿಯದು ವಿಶೇಷವಾದದ್ದು. ಒಮ್ಮೆ ಮಕ್ಕಳ ಪುಸ್ತಕವೊಂದು ಬಂದಿತ್ತು. ‘ಬಿಸಿಲು ಬಿದ್ದಿತ್ತು, ಆದ್ದರಿಂದ ಎಲ್ಲರೂ ಹೊರಗೆ ಆಡಲು ಹೋದರು’ ಎಂದು ಅದರಲ್ಲಿ ಒಂದು ವಾಕ್ಯ. ತಿದ್ದುತ್ತಿದ್ದವಳು ಸುಮಿತ್ರಾ, ಸೇಡಂ ಕಡೆಯವಳು, ಕಲಬುರ್ಗಿಯಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳು. ಅವಳು ಅಂಚಿನಲ್ಲಿ ಲೇಖಕಿಗೆ ಪ್ರಶ್ನೆ ಬರೆದಿದ್ದಳು: ಇಲ್ಲಿ ಕಾರಣಕ್ಕೂ ಕಾರ್ಯಕ್ಕೂ ಹೊಂದಿಕೆಯಿಲ್ಲ, ‘ಬಿಸಿಲು ಇಳಿದಿತ್ತು’ ಎಂದಿರಬೇಕಲ್ಲವೇ? ಪ್ರಶ್ನೆ ಹಾಗೆಯೇ ಇಂಗ್ಲೆಂಡಿಗೆ ಹೋಯಿತು. ಲೇಖಕಿ ನಕ್ಕು ಉತ್ತರ ಕಳಿಸಿದರು.

ನಾನು ಕರೆದು ಕೇಳಿದೆ. ಸುಮಿತ್ರಾ ಜಗ್ಗಲಿಲ್ಲ.

“ಅಕ್ಕಾರ, ನೀವ ಹೇಳ್ರಿ. ಬಿಸಲ ಬಿದ್ದೈತಿ ಅಂತ ಯಾವ ತಾಯಿ ಕೂಸಿನ್ನ ಹೊರಗ ಬಿಡ್ತಾಳ್ರಿ?”

“ಅದು ಇಂಗ್ಲೆಂಡಮ್ಮಾ.”

“ಅಲ್ಲಿ ಸೂರ್ಯ ಬ್ಯಾರೆ ಅದಾನೇನ್ರಿ?”

ಇದನ್ನು ನೆನಪಿಟ್ಟುಕೊಂಡಿರಿ. ಮುಂದೆ ಬರುವುದು ಇದರದೇ ದೊಡ್ಡ ರೂಪ.

ಅಂತರಿಕ್ಷದ ಯುದ್ಧ, ಸಾಮ್ರಾಜ್ಯ, ಪ್ರೇಮ ಎಲ್ಲ ಸೇರಿದ ಮೂರು ಸಂಪುಟಗಳ ಕಾದಂಬರಿಯೊಂದರ ಎರಡನೇ ಸಂಪುಟ ನಮ್ಮಲ್ಲಿಗೆ ಬಂತು. ಮೊದಲನೆಯದನ್ನು ಬೇರೆ ಯಾವುದೋ ದೇಶದಲ್ಲಿ ಮಾಡಿಸಿದ್ದರು. ಅಚ್ಚಾದ ಒಂದು ಪ್ರತಿ ಕಳಿಸಿದ್ದರು. ಎರಡನೆಯದು ಸರಿಯಾಗಿ ಆದರೆ ಮೂರನೆಯದೂ ನಮಗೇ ಎಂದು ಪ್ರಕಾಶಕರ ಮಾತು. ಆ ಹೊತ್ತಿಗೆ ನಾವು ಗಚ್ಚಿಬೌಲಿಗೆ ಬಂದಿದ್ದೆವು, ಬಾಡಿಗೆ ಏರುತ್ತಿತ್ತು, ಕಾದಂಬರಿಗಳು ಸಿಕ್ಕುವುದು ಅಪರೂಪವಾಗಿತ್ತು. ನಮ್ಮ ಮೇಲಧಿಕಾರಿ ಮೂರ್ತಿಯವರು ಸುಮಿತ್ರಾಳನ್ನು ಕರೆದು, ಈ ಪುಸ್ತಕ ಚೆನ್ನಾಗಿ ಮುಗಿದು ಮೂರನೆಯದು ಬಂದರೆ ನಿನ್ನ ಕೆಲಸ ಕಾಯಂ, ಇಲ್ಲದಿದ್ದರೆ ಗುತ್ತಿಗೆ ಮುಗಿದ ಮೇಲೆ ನೋಡೋಣ ಎಂದರು. ‘ನೋಡೋಣ’ ಎಂದರೆ ಏನೆಂದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಸುಮಿತ್ರಾಳಿಗೆ ಆ ಕೆಲಸ ಬೇಕೇ ಬೇಕಿತ್ತು. ಗಂಡ ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುತ್ತಿದ್ದ. ಅದೂ ಗುತ್ತಿಗೆಯೇ. ಇಬ್ಬರಲ್ಲಿ ಒಬ್ಬರದಾದರೂ ಕಾಯಂ ಆಗದಿದ್ದರೆ ಊರಿಗೆ ಹಿಂದಿರುಗುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಊರಿಗೆ ಹೋದರೆ ತನ್ನ ಎಂ.ಎ.ಯನ್ನು ಟ್ರಂಕಿನಲ್ಲಿ ಇಡಬೇಕು, ಅಷ್ಟೆ ಎನ್ನುತ್ತಿದ್ದಳು.

ಮೂರು ಸಂಪುಟಗಳ ಕಾದಂಬರಿಯಲ್ಲಿ ನಡುವಿನದು ಕಷ್ಟದ್ದು. ತಲೆಯಿಲ್ಲ, ಕಾಲಿಲ್ಲ, ಬರೀ ಹೊಟ್ಟೆ. ಮೊದಲ ಸಂಪುಟದ ಸಾಲ ತೀರಿಸಬೇಕು, ಮೂರನೆಯದಕ್ಕೆ ಬೀಜ ಬಿತ್ತಬೇಕು. ನಿಮಗೂ ಅಂಥದೊಂದು ಸಿಕ್ಕೀತು, ಹುಷಾರಾಗಿರಿ.

ಕಥೆ ಸ್ಥೂಲವಾಗಿ ಹೀಗಿತ್ತು. ಒರ್ಲಾ ಎಂಬ ಹುಡುಗಿ. ಅವಳ ತಾಯಿ ಸೆನ್ನಾಳ ಹಡಗು ಆಕಾಶದ ಕೊನೆಯಲ್ಲಿ ಕೆಟ್ಟು ನಿಂತಿದೆ. ಕ್ಯಾಪ್ಟನ್ ಬ್ರೆಕ್ ಎಂಬವನು ಯುದ್ಧಕ್ಕೆ ಹೊರಟ ತನ್ನ ಹಡಗನ್ನು, ಸಾವಿರಾರು ಜನರ ಪ್ರಾಣವನ್ನು ಒತ್ತೆಯಿಟ್ಟು, ಸೆನ್ನಾಳನ್ನು ಉಳಿಸಲು ಹಿಂದಕ್ಕೆ ತಿರುಗಿಸುತ್ತಾನೆ. ಏಕೆ ತಿರುಗಿಸಿದ ಎಂಬುದು ಮೊದಲ ಸಂಪುಟದಲ್ಲಿ ಗೊತ್ತಾಗುವುದಿಲ್ಲ. ಎರಡನೆಯದರಲ್ಲಿ, ಸಾಯುವಾಗ, ಹೇಳುತ್ತಾನೆ: “ಅವಳು ನನ್ನ ತಂಗಿ.” ಇತ್ತ ಅದೇ ಸಂಪುಟದಲ್ಲಿ ಬ್ರೆಕ್‌ನ ಮಗ ಡೆವಿನ್‌ಗೂ ಒರ್ಲಾಳಿಗೂ ಪ್ರೀತಿ ಹುಟ್ಟುತ್ತದೆ.

ಮೊದಲ ಓದು ಸುಮಿತ್ರಾಳದು. ಎರಡನೆಯದು ಹಳೇ ಶಹರದ ಫರ್ಹಾನಾಳದು. ಕೊನೆಯ ಓದು ನನ್ನದು. ಬ್ರೆಕ್ ಸಾಯುವ ಪುಟ ಬಂದ ದಿನ ಊಟದ ಹೊತ್ತಿನಲ್ಲಿ ಸುಮಿತ್ರಾ ಡಬ್ಬಿ ತೆಗೆಯುವ ಮೊದಲೇ ಸುದ್ದಿ ಹೇಳಿದಳು.

“ಅಕ್ಕಾರ, ಒರ್ಲಾ ಆ ಡೆವಿನ್ನಗ ಸ್ವಾದರತ್ತಿ ಮಗಳಾಗಬೇಕ್ರಿ!”

“ಹೌದೇ? ಲೆಕ್ಕ ಸರಿ ಹಾಕಿದೆಯಾ?”

“ಅವರಪ್ಪನ ಖಾಸ ತಂಗಿ ಮಗಳ್ರಿ. ವರಸಿ ಕೂಡಿ ಬಂತು. ನಾನು ಅವಾಗಿಂದ ಅಂಜಿದ್ದೆ, ಈ ಹುಡುಗ ಯಾರೋ ಏನೋ ಅಂತ. ಮನಿ ಹುಡುಗನ ಅದಾನ.”

ಫರ್ಹಾನಾ ರೊಟ್ಟಿ ಮುರಿಯುತ್ತಾ, “ಅಚ್ಛಾ ಹುವಾ. ಫುಪ್ಪೂ ಕೀ ಬೇಟೀ ಹೈ, ಘರ್ ಕೀ ಬಾತ್ ಘರ್ ಮೇ,” ಎಂದಳು. ಒಳ್ಳೆಯದಾಯಿತು, ಅತ್ತೆಯ ಮಗಳು, ಮನೆಯ ಮಾತು ಮನೆಯಲ್ಲೇ ಉಳಿಯಿತು.

ನಾನೇನು ಹೇಳಿದೆ? ಡೈರಿಯಲ್ಲಿ ಆ ದಿನ ಬರೀ ‘ಸುಮಿತ್ರಾ ತಂದ ಪುಂಡಿಪಲ್ಯ ಚೆನ್ನಾಗಿತ್ತು’ ಎಂದಿದೆ. ನಾನೂ ಖುಷಿಪಟ್ಟಿರಬೇಕು. ಪುಸ್ತಕ ಕಳಿಸಿದೆವು.

ಪುಟ ಕಟ್ಟಿದ ಮೇಲೆ, ಅಚ್ಚಿಗೆ ಹೋಗುವ ಹೊತ್ತಿಗೆ, ಪ್ರಕಾಶಕರ ಕಡೆಯ ಸಂಪಾದಕಿಯಿಂದ ಒಂದು ಮೇಲ್ ಬಂತು. ಬ್ರೆಕ್‌ನ ಸಾವಿನ ಪುಟವನ್ನೂ ಪ್ರೇಮದ ಅಧ್ಯಾಯವನ್ನೂ ಒಟ್ಟಿಗೆ ನೋಡಿ, ಇದು ಮೂವರು ಓದುಗರ ಕಣ್ಣು ಹೇಗೆ ತಪ್ಪಿಸಿತು, ಯಾರು ಹೊಣೆ, ಹೆಸರು ತಿಳಿಸಿ. ಅಷ್ಟೇ. ತಪ್ಪೇನೆಂದು ಬರೆದಿರಲಿಲ್ಲ. ಅದನ್ನೂ ಬಿಡಿಸಿ ಹೇಳಬೇಕಾದೀತೆಂದು ಆಕೆಗೆ ಹೊಳೆದಿರಲಾರದು.

ನಾವು ಎರಡೂ ಅಧ್ಯಾಯ ತೆರೆದು ಕೂತೆವು. ಕಣ್ಣಿನ ಬಣ್ಣ ಸರಿಯಿತ್ತು. ಹಡಗಿನ ಹೆಸರು ಸರಿಯಿತ್ತು. ಗಾಯ ಎಡಭುಜಕ್ಕೆ, ಎರಡೂ ಕಡೆ ಎಡವೇ. ಮೂರ್ತಿಯವರೂ ಕುರ್ಚಿ ಎಳೆದುಕೊಂಡು ಬಂದರು. ಅವರು ಗುಂಟೂರು ಕಡೆಯವರು, ಮಾತು ತೆಲುಗು.

“ತಪ್ಪೇಮುಂದಂಡಿ ಇಂದುಲೋ?” ಎಂದರು. ತಪ್ಪೇನಿದೆ ಇದರಲ್ಲಿ?

ಕೊನೆಗೆ ಫರ್ಹಾನಾ ಹೋಗಿ ಪುಟ ಕಟ್ಟುವ ವಿಭಾಗದಿಂದ ಆಲೋಕ್‌ನನ್ನು ಕರೆತಂದಳು. ಅವನು ಬಿಹಾರದವನು, ಹೊಸದಾಗಿ ಬಂದವನು. ಪುಟ ಕಟ್ಟುವವರು ಪುಸ್ತಕ ಓದುವುದಿಲ್ಲ, ಸಾಲು ಎಣಿಸುತ್ತಾರೆ. ಅವನಿಗೆ ಕಥೆ ಹೇಳಿದೆವು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ.

“ಮೇಡಂ, ಯೇ ತೋ ಭಾಯಿ-ಬೆಹೆನ್ ಹೈ.”

“ಯಾರು ಅಣ್ಣ-ತಂಗಿ?”

“ಯೇ ದೋನೋ! ಪಿತಾಜೀ ಕೀ ಬೆಹೆನ್ ಕೀ ಬೇಟೀ, ಬೆಹೆನ್ ಹೀ ಹುಯೀ ನಾ?” ಅತ್ತೆಯ ಮಗಳು ಎಂದರೆ ತಂಗಿಯೇ ಅಲ್ಲವೇ ಎಂದು ಅವನ ವಾದ. ಅವರ ಕಡೆ ಏಳು ತಲೆಮಾರು ಬಿಟ್ಟು ಹೆಣ್ಣು ತರುತ್ತಾರಂತೆ.

ಮೂರ್ತಿಯವರು ಎದ್ದು ನಿಂತುಬಿಟ್ಟರು. “ಮಾ ಆವಿಡ ಮಾ ಮೇನಮಾಮ ಕೂತುರೇ ಕದಯ್ಯಾ!” ನನ್ನ ಹೆಂಡತಿ ನನ್ನ ಸೋದರಮಾವನ ಮಗಳೇ ಅಲ್ಲವೇನಯ್ಯಾ!

ಆಲೋಕ್ ತಲೆ ತಗ್ಗಿಸಿ, “ಸಾರೀ ಸರ್,” ಎಂದ. ಯಾವುದಕ್ಕೆ ಸಾರಿ ಎಂದು ಅವನಿಗೂ ಗೊತ್ತಿರಲಿಲ್ಲ. ಫರ್ಹಾನಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದಳು.

ಸುಮಿತ್ರಾ ನಗಲಿಲ್ಲ. ಅಷ್ಟರಲ್ಲಿ ಎರಡನೇ ಮೇಲ್ ಬಂದಿತ್ತು. ಅದರಲ್ಲಿ, ‘ಓದುಗರಿಗೆ ಇದು ಅಸಹ್ಯವಾಗುತ್ತದೆ’ ಎಂಬ ಅರ್ಥದ ಒಂದು ಸಾಲಿತ್ತು. ಅವಳು ಪರದೆಯ ಮೇಲೆ ಅದನ್ನು ಎರಡು ಸಲ ಓದಿದಳು. ಸಂಜೆ ಕ್ಯಾಬಿಗೆ ಕಾಯುವಾಗ ನನ್ನ ಪಕ್ಕದಲ್ಲಿ ನಿಂತು ಹೇಳಿದಳು:

“ನಮ್ಮನಿಯವರು ನಮ್ಮವ್ವನ ಖಾಸ ತಮ್ಮರಿ ಅಕ್ಕಾರ. ನಾ ಸಣ್ಣಾಕಿ ಇದ್ದಾಗ ಹೆಗಲ ಮ್ಯಾಲೆ ಕುಂದರಿಸಿಕೊಂಡು ಸಂತಿಗಿ ಒಯ್ತಿದ್ರು. ಮದುವ್ಯಾಗ ನಮ್ಮವ್ವ ಅತ್ತಿದ್ದು ಖುಷೀಲೆ, ಮಗಳು ದೂರ ಹೋಗಲಿಲ್ಲ ಅಂತ. ಅದಕ್ಕ ಅಸಹ್ಯ ಅಂತಾರಲ್ರಿ.”

ನಾನು, “ಕ್ಯಾಬ್ ಬಂತು ನೋಡು,” ಎಂದೆ. ತಕ್ಕ ಉತ್ತರ ಕೊಟ್ಟೆ ಎಂದು ಬರೆಯಲು ಈಗಲೂ ಆಸೆಯಾಗುತ್ತದೆ. ವೈದ್ಯರು ಇಂಥ ಮದುವೆಗಳ ಬಗ್ಗೆ ಹೇಳುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆ ಸಂಜೆಯ ಮಾತು ಅದಾಗಿರಲಿಲ್ಲ.

ಮಾರನೇ ದಿನ ಮೂರ್ತಿಯವರು ನನ್ನನ್ನು ಒಳಗೆ ಕರೆದರು. ಅವರು ಕೆಟ್ಟವರಲ್ಲ, ನಲವತ್ತು ಜನರ ಸಂಬಳದ ಚಿಂತೆ ಇದ್ದವರು. ಪ್ರಕಾಶಕರಿಗೆ ಒಂದು ಹೆಸರು ಬೇಕು, ಕೊಟ್ಟರೆ ಅವರ ಸಿಟ್ಟು ಇಳಿಯುತ್ತದೆ, ಮೊದಲ ಓದು ಆ ಹುಡುಗಿಯದು, ಹೇಗೂ ಗುತ್ತಿಗೆಯವಳು, ‘ಅವಳನ್ನು ಬಿಟ್ಟಿದ್ದೇವೆ’ ಎಂದು ಬರೆದರೆ ಮೂರನೇ ಸಂಪುಟ ಉಳಿಯುತ್ತದೆ ಎಂದರು.

ನನ್ನ ನೆನಪಿನಲ್ಲಿ ನಾನು ತಕ್ಷಣ, “ಅದಾಗದು ಸರ್, ಕೊನೆಯ ಸಹಿ ನನ್ನದು,” ಎಂದಿದ್ದೇನೆ. ಡೈರಿಯಲ್ಲಿ ಇರುವುದು: ‘ಯೋಚಿಸಿ ಹೇಳುತ್ತೇನೆಂದೆ. ತಲೆನೋವು.’ ಡೈರಿಯೇ ಸರಿಯಿರಬೇಕು.

ಆದರೆ ಹೆಸರಿಗಿಂತ ಮೊದಲು ಪುಸ್ತಕ ಸರಿಯಾಗಬೇಕಿತ್ತು. ಆ ಮಧ್ಯಾಹ್ನ ಲೇಖಕರ ಮಾತು ಪ್ರಕಾಶಕರ ಮೂಲಕ ಬಂತು. ಬ್ರೆಕ್ ಹಡಗು ತಿರುಗಿಸಿದ್ದಕ್ಕೆ ಕಾರಣ ಸಾಲದು ಎಂದು ಯಾರೋ ಆಕ್ಷೇಪಿಸಿದ್ದರಿಂದ ತಂಗಿಯ ವಿಷಯವನ್ನು ಕಡೆಗಳಿಗೆಯಲ್ಲಿ ಸೇರಿಸಿದ್ದರಂತೆ. ಒರ್ಲಾಳ ತಾಯಿಯೂ ಅವಳೇ ಎಂಬುದು ಅವರಿಗೇ ಮರೆತುಹೋಗಿತ್ತು. ತಂಗಿಯನ್ನು ತೆಗೆಯಬಹುದು, ಆದರೆ ಆ ಜಾಗಕ್ಕೆ ಏನು? ಪುಟ ಕಟ್ಟಿ ಆಗಿದೆ. ಒಂದು ಸಾಲು ಹೆಚ್ಚಾದರೆ ಮುಂದಿನ ಪುಟಗಳೆಲ್ಲ ಜರುಗುತ್ತವೆ. ಒಂದು ಸಾಲಿನಲ್ಲಿ, ಮೊದಲ ಸಂಪುಟಕ್ಕೆ ವಿರೋಧವಾಗದಂತೆ, ಒಬ್ಬ ಮನುಷ್ಯ ಸಾವಿರಾರು ಜನರಿರುವ ಹಡಗನ್ನು ಒಬ್ಬ ಹೆಂಗಸಿಗಾಗಿ ತಿರುಗಿಸಲು ಕಾರಣ ಬೇಕು. ನಿಮ್ಮ ಕಡೆಯಿಂದ ಸಲಹೆಯಿದ್ದರೆ ಕಳಿಸಿ ಎಂದಿದ್ದರು. ಅದು ಸೌಜನ್ಯವೋ ವ್ಯಂಗ್ಯವೋ ನನಗೆ ಗೊತ್ತಾಗಲಿಲ್ಲ.

ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿದೆವು.

“ಲವರ್ ಅನಿ ಪೆಟ್ಟೇಯಂಡಿ,” ಎಂದರು ಮೂರ್ತಿಯವರು. ಪ್ರೇಯಸಿ ಎಂದು ಹಾಕಿಬಿಡಿ.

ಆಲೋಕ್ ಬೆಚ್ಚಿದ. “ಸರ್, ತಬ್ ತೋ ಲಡ್ಕೀ ಉಸೀಕೀ ನಿಕಲೇಗೀ!” ಆಗ ಒರ್ಲಾ ಬ್ರೆಕ್‌ನ ಮಗಳೇ ಎಂದು ಜನ ಅನುಮಾನ ಪಡುತ್ತಾರೆ, ಈಗಿನದಕ್ಕಿಂತ ಕೆಡುಕು.

ಫರ್ಹಾನಾ, “ದೋಸ್ತ್?” ಎಂದಳು. ಸ್ನೇಹಿತೆಗಾಗಿ ಸಾವಿರ ಜನರನ್ನು ಅಪಾಯಕ್ಕೆ ಒಡ್ಡಿದರೆ ಓದುಗರು ಬ್ರೆಕ್‌ನನ್ನೇ ಬೈಯುತ್ತಾರೆ ಎಂದು ನಾನೆಂದೆ.

ಸುಮಿತ್ರಾ ತನ್ನ ಲೋಟವನ್ನು ಪಕ್ಕಕ್ಕೆ ಸರಿಸಿದಳು. ಚಹಾ ಆರಿಹೋಗಿತ್ತು.

“ಒಂದೂರಾಕಿ ಅಂದ್ರ ಸಾಲದೇನ್ರಿ?”

ಯಾರಿಗೂ ಅರ್ಥವಾಗಲಿಲ್ಲ. ಅವಳು ನನ್ನ ಕಡೆ ತಿರುಗಿದಳು, ಕನ್ನಡದಲ್ಲಿ ಹೇಳಲು.

“ಏರ್‌ಪೋರ್ಟ್ ಕಟ್ಟಾಕತ್ತಾಗ ನಮ್ಮನಿಯವರು ಮ್ಯಾಲಿಂದ ಬಿದ್ದಿದ್ರು ಅಕ್ಕಾರ. ಕಾಲು ಮುರಿದಿತ್ತು. ಸುತ್ತ ಮಂದಿ ಭಾಳ ಇತ್ತು, ಎಲ್ಲಾರೂ ನೋಡಾಕತ್ತಿದ್ರು. ಇವರು ‘ಯವ್ವಾ’ ಅಂತ ಚೀರಿದ್ದು ಕೇಳಿ ಅತ್ತಾಗಿಂದ ಒಬ್ಬ ಸೆಂಟ್ರಿಂಗ್ ಕೆಲಸದಾವ ಓಡಿ ಬಂದ. ಮೊದಲ ಕೇಳಿದ್ದ ‘ಯಾವೂರಪ್ಪಾ?’ ಅಂತ. ಸೇಡಂ ಅಂದ್ರು. ಅಂವಾ ಸೇಡಂದಾವನ. ಮುಖ ನೋಡಿದ್ದಿಲ್ಲ, ಹೆಸರು ಗೊತ್ತಿಲ್ಲ. ಪಗಾರ ಬಿಟ್ಟ, ಹೊತಗೊಂಡು ದವಾಖಾನಿಗಿ ಒಯ್ದ, ನಾ ಹೋಗೂತನಕ ಕುಂತಿದ್ದ. ಮೇಸ್ತ್ರಿ ಅವನ್ನ ಕೆಲಸದಿಂದ ತಗದ. ಯಾಕ ಮಾಡಿದ್ಯೋ ಯಣ್ಣಾ ಅಂದ್ರ, ‘ನಮ್ಮೂರಾವ ಅದಾನ್ರಿ’ ಅಂದ. ಇನ್ನೊಂದ ಮಾತಿಲ್ಲ.”

ನಾನು ಉಳಿದವರಿಗೆ ಹಿಂದಿಯಲ್ಲಿ ಹೇಳಿದೆ. ಆಲೋಕ್ ಮೆಲ್ಲಗೆ, “ಗಾಂವ್ ಕಾ ಆದ್ಮೀ. ಹಾಂ, ಚಲೇಗಾ,” ಎಂದ. ಊರಿನವರು ಎಂದರೆ ಸಾಕು, ನಡೆಯುತ್ತದೆ. ಅವನೂ ಊರು ಬಿಟ್ಟು ಬಂದವನು. ಆ ಮೇಜಿನ ಸುತ್ತ, ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಫರ್ಹಾನಾ ಮತ್ತು ನನ್ನನ್ನು ಬಿಟ್ಟರೆ, ಎಲ್ಲರೂ ಬೇರೆಲ್ಲಿಂದಲೋ ಬಂದವರೇ.

ಮೊದಲ ಸಂಪುಟ ತೆರೆದೆವು. ಸೆನ್ನಾ ಹುಟ್ಟಿದ್ದು ದೂರದ ಗ್ರಹವೊಂದನ್ನು ಸುತ್ತುವ, ಗಣಿಯಿದ್ದ ಒಂದು ಚಂದ್ರನಲ್ಲಿ, ಗಣಿ ಮುಚ್ಚಿ ಜನ ಚದುರಿದ ಜಾಗದಲ್ಲಿ ಎಂದಿತ್ತು. ಬ್ರೆಕ್ ಎಲ್ಲಿಯವನು ಎಂದು ಎಲ್ಲೂ ಬರೆದಿರಲಿಲ್ಲ. ‘ಅವಳು ನನ್ನ ತಂಗಿ’ ಎಂಬಲ್ಲಿ ‘ಅವಳು ನಮ್ಮ ಚಂದ್ರನವಳು’ ಎಂದು ಹಾಕಿ ಆಲೋಕ್ ಸಾಲು ಕೂರಿಸಿ ನೋಡಿದ. ಪುಟ ಜರುಗಲಿಲ್ಲ.

ಉತ್ತರ ಬರೆಯುವ ಕೆಲಸ ನನ್ನದು. ಈ ಮೇಲ್‌ನ ಪ್ರತಿ ನನ್ನ ಹತ್ತಿರ ಇಲ್ಲ, ಆದ್ದರಿಂದ ಸಾರಾಂಶ ಮಾತ್ರ ಕೊಡುತ್ತೇನೆ. ಈ ಪುಸ್ತಕ ಓದಿದವರು ಮೂವರು, ಕೊನೆಯ ಸಹಿ ನನ್ನದು. ನಮ್ಮ ಮನೆಗಳಲ್ಲಿ ಇಂಥ ಸಂಬಂಧ ಒಳ್ಳೆಯ ಸಂಬಂಧ. ಆದ್ದರಿಂದ ಮೂವರ ಕಣ್ಣಿಗೂ ಬೀಳಲಿಲ್ಲ; ಕೊನೆಗೆ ತೋರಿಸಿಕೊಟ್ಟವನು ಪುಟ ಕಟ್ಟುವ ವಿಭಾಗದ, ಬಿಹಾರದಿಂದ ಬಂದ ಯುವಕ. ನಮ್ಮಲ್ಲಿ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಇಟ್ಟಿದ್ದರೂ ಇದೇ ಆಗುತ್ತಿತ್ತು. ‘ಅಸಹ್ಯ’ ಎಂಬ ಮಾತನ್ನು ನಾವು ಓದಿದ್ದೇವೆ; ಇಲ್ಲಿ ಅಂಥ ಮದುವೆಯಾಗಿ ಸುಖವಾಗಿರುವವರೂ ಅದನ್ನು ಓದಿದರು ಎಂದು ತಿಳಿಸುತ್ತೇನೆ. ಕೆಳಗಿನ ಸಲಹೆ ಸುಮಿತ್ರಾ ಅವರದು.

ಕೊನೆಯ ವಾಕ್ಯವನ್ನು ಮೂರ್ತಿಯವರು ಬೆರಳಿಟ್ಟು ಓದಿದರು. ಪ್ರಕಾಶಕರು ಒಂದು ಹೆಸರು ಕೇಳಿದ್ದರು, ಒಂದು ಹೆಸರು ಹೋಗುತ್ತಿತ್ತು. ಅವರು ಕನ್ನಡಕ ತೆಗೆದು ಒರೆಸಿ, “ಪಂಪಿಂಚಂಡಿ,” ಎಂದರು. ಕಳಿಸಿ.

ಉತ್ತರಕ್ಕೆ ಕಾದ ದಿನಗಳಲ್ಲಿ ಸುಮಿತ್ರಾ ತನ್ನ ಮೇಜಿನ ಖಾನೆ ಖಾಲಿ ಮಾಡಿ, ಚಹಾದ ಲೋಟವನ್ನು ಚೀಲಕ್ಕೆ ಹಾಕಿಕೊಂಡಿದ್ದಳು. ಉತ್ತರ ಚಿಕ್ಕದಾಗಿ ಬಂತು. ಲೇಖಕರು ಆ ಸಾಲನ್ನು ಒಪ್ಪಿದ್ದಾರೆ. ತಾನು ಬಳಸಿದ ಪದಕ್ಕಾಗಿ ಪ್ರಕಾಶಕರ ಕಡೆಯಾಕೆ ವಿಷಾದಿಸಿದ್ದಳು. ಮೂರನೇ ಸಂಪುಟ ಬರುತ್ತದೆ, ಆದರೆ ಪುಟ ಕಟ್ಟುವ ಆ ಯುವಕನೂ ಅದನ್ನು ಓದಬೇಕು. ಸುಮಿತ್ರಾಳ ಕಾಯಂ ಆದೇಶ ಇನ್ನೂ ತಡವಾಗಿ, ಮೂರ್ತಿಯವರನ್ನು ನಾನು ಬಹಳ ಕಾಡಿದ ಮೇಲೆ ಬಂತು. ಲೋಟ ಮೇಜಿಗೆ ಮರಳಿತು.

ಅಲ್ಲಿಂದ ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಪ್ರತಿ ಕಾದಂಬರಿಗೂ ಓದುಗರಲ್ಲಿ ಒಬ್ಬರು ಬೇರೆ ಸೀಮೆಯವರು ಇರಲೇಬೇಕು. ನಾವು ಅದಕ್ಕೆ ‘ಆಲೋಕ್ ಓದು’ ಎನ್ನುತ್ತಿದ್ದೆವು. ಅವನು ಕೆಲಸ ಬಿಟ್ಟು ಹೋದ ಮೇಲೂ ಅದೇ ಹೆಸರು ಉಳಿಯಿತು. ಹೊಸಬರಿಗೆ ನಾನು ಕೊಡಬಹುದಾದ ಉಪದೇಶ ಅದೊಂದೇ. ನಿಮಗೆ ಕಾಣುವ ತಪ್ಪುಗಳನ್ನು ನೀವು ಹೇಗೂ ಹಿಡಿಯುತ್ತೀರಿ. ತಪ್ಪೆಂದೇ ಅನ್ನಿಸದ್ದನ್ನು ಹಿಡಿಯಲು ಬೇರೆ ಮನೆಯವರು ಬೇಕು.

ಮೂರನೇ ಸಂಪುಟದ ಕೊನೆಯಲ್ಲಿ ಒರ್ಲಾಳಿಗೂ ಡೆವಿನ್‌ಗೂ ಮದುವೆ. ಸುಮಿತ್ರಾ ಓದಿ ಮುಗಿಸಿ ನನ್ನ ಮೇಜಿಗೆ ಬಂದಳು. ಲೇಖಕರಿಗೆ ಪ್ರಶ್ನೆಯೊಂದನ್ನು ಬರೆದಿದ್ದಳು, ಕಳಿಸಲು ಅಂಜಿಕೆ.

“ಬಿಸಿಲಿನ ಪ್ರಶ್ನೆಯಂಥದ್ದೇನಮ್ಮಾ?”

“ಅದರ ತಂಗೀನ ಇರಬೇಕ್ರಿ. ಮದುವಿ ಮಾಡ್ಯಾರ, ದೊಡ್ಡ ದೊಡ್ಡ ಸೇನಾಪತಿಗೋಳು ಬಂದಾರ. ಹುಡುಗಿ ಅವ್ವನ ಊರಿಂದ ಒಬ್ಬರೂ ಬಂದಿಲ್ರಿ ಅಕ್ಕಾರ. ಹಡಗ ತಿರಗಿಸಿದ್ದು ಯಾ ಊರಿನ ಸಲುವಾಗಿ? ಆ ಊರವರನ್ನ ಕರಿಬ್ಯಾಡೇನ್ರಿ?”

ಆಲೋಕ್‌ನನ್ನು ಕೇಳಿದೆ. ಅವನ ಪ್ರಕಾರವೂ ಕರೆಯದಿದ್ದರೆ ತಪ್ಪೇ. ಪ್ರಶ್ನೆ ಕಳಿಸಿದೆ.

ಇಲ್ಲಿಂದ ಮುಂದಿನದಕ್ಕೆ ನನ್ನ ನೆನಪನ್ನಾಗಲಿ ಡೈರಿಯನ್ನಾಗಲಿ ನಂಬಬೇಕಾಗಿಲ್ಲ. ಪುಸ್ತಕ ಅಚ್ಚಾಗಿದೆ, ನನ್ನ ಕಪಾಟಿನಲ್ಲಿದೆ. ಕೊನೆಯ ಅಧ್ಯಾಯದಲ್ಲಿ, ಸೇನಾಪತಿಗಳ ಸಾಲಿನ ಹಿಂದೆ ಬಾಗಿಲು ತೆರೆಯುತ್ತದೆ. ಗಣಿಯ ಚಂದ್ರನಿಂದ ಚದುರಿಹೋಗಿದ್ದ ಮುದುಕರು ಕೆಲವರು, ಹಳೆಯ ಕೆಲಸದ ಬಟ್ಟೆಯಲ್ಲೇ ಒಳಗೆ ಬರುತ್ತಾರೆ. ಅವರಿಗೆ ಹೆಸರಿಲ್ಲ, ಮಾತಿಲ್ಲ. ಒರ್ಲಾ ವೇದಿಕೆಯಿಂದ ಇಳಿದು ಹೋಗಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸುತ್ತಾಳೆ. ಆ ಪುಸ್ತಕ ಓದಿದವರಿಗೆ ಅವರನ್ನು ಕರೆಸಿದ್ದು ಯಾರೆಂದು ಗೊತ್ತಿರಲಾರದು. ಅವರನ್ನು ಕರೆಸಿದವಳು ಸೇಡಂದವಳು.